ಲಿಫ್ಟಣ್ಣನ ಸ್ಟೂಲು

ಎಲ್ಲಕ್ಕೂ ಕಾರಣ ಹಿಂದಿನ ದಿನ ಕಚೇರಿಗೆ ಬಂದು ಭಾಷಣ ಮಾಡಿದ ಡಾಕ್ಟರು. "ಕೂರೋದೇ ಕಾಯಿಲೆ, ಮೆಟ್ಟಿಲು ಹತ್ತೋದೇ ಔಷಧಿ" ಎಂದು ಅವರು ಹೇಳಿದ್ದೇ ತಡ, ಆರು ಮಹಡಿಯ ಆ ಕಟ್ಟಡದಲ್ಲಿ ಎಲ್ಲರಿಗೂ ನೂರು ವರ್ಷ ಬದುಕುವ ಹುಚ್ಚು ಹಿಡಿಯಿತು. ಹಿಡಿಯದೆ ಉಳಿದವನು ಲಿಫ್ಟ್ ನಡೆಸುವ ಲಿಫ್ಟಣ್ಣ ಒಬ್ಬನೇ. ಅವನು ಕೂತು ಕೂತು, ಲಿಫ್ಟಿನ ಮೂಲೆಯ ಸ್ಟೂಲಿನ ಹಲಗೆ ಅವನ ಅಳತೆಗೇ ತಗ್ಗಾಗಿತ್ತು.

ಬೆಳಿಗ್ಗೆ ಮ್ಯಾನೇಜರು ಒಳಗೆ ಇಣುಕಿದರು. "ಸಂಜೆವರೆಗೂ ನೋಡ್ತೀನಿ. ಯಾರೂ ಹತ್ತದಿದ್ರೆ ಲಿಫ್ಟಿಗೆ ಬೀಗ."

ಲಿಫ್ಟಣ್ಣ ಸ್ಟೂಲನ್ನೊಮ್ಮೆ ನೋಡಿದ. ಬೀಗ ಬಿದ್ದರೆ ಸ್ಟೂಲೆಲ್ಲಿ, ತಾನೆಲ್ಲಿ? ಬಾಗಿಲು ತೆರೆದು ಕಾದ. ಒಂದು ನೊಣವೂ ಒಳಗೆ ಬರಲಿಲ್ಲ. ಕೊನೆಗೆ ತಾನೇ ಮೆಟ್ಟಿಲಿಗೆ ಓಡಿ ಟೈಪಿಸ್ಟ್ ಅಕ್ಕನನ್ನು ಅಡ್ಡಗಟ್ಟಿದ.

"ಅಕ್ಕಾ, ಲಿಫ್ಟಲ್ಲಿ ಫ್ಯಾನಿದೆ, ಬನ್ನಿ."

"ಬೇಡಪ್ಪಾ, ನಾನು ಮೊಮ್ಮಕ್ಕಳ ಮದುವೆ ನೋಡ್ಬೇಕು."

"ನಿಮಗಿನ್ನೂ ಮದುವೇನೇ ಆಗಿಲ್ವಲ್ಲಕ್ಕಾ!"

"ಅದಕ್ಕೇ ಆಯಸ್ಸು ಜಾಸ್ತಿ ಬೇಕಾಗಿರೋದು!"

ಅಷ್ಟರಲ್ಲಿ ಮೇಲಿನಿಂದ ತಿದಿ ಊದಿದಂಥ ಸದ್ದು. ಲಿಫ್ಟಣ್ಣ ಒಂದೇ ಉಸಿರಿಗೆ ನಾಲ್ಕನೇ ಮಹಡಿಗೆ ಓಡಿದ. ಡೊಳ್ಳುಹೊಟ್ಟೆಯ ಅಕೌಂಟೆಂಟರು ಮೆಟ್ಟಿಲಿನ ಕಂಬಿ ತಬ್ಬಿಕೊಂಡು ನಿಂತಿದ್ದರು.

"ಸಾರ್, ಜೀವ ಇದ್ರೆ ತಾನೇ ಆಯಸ್ಸು? ಲಿಫ್ಟಿಗೆ ಬನ್ನಿ."

"ಎಲ್ಲಯ್ಯಾ ಲಿಫ್ಟು?"

"ಕೆಳಗಿದೆ ಸಾರ್."

ಆ ಹಳೇ ಲಿಫ್ಟು, ಬಾಗಿಲನ್ನು ಕೈಯಾರೆ ಮುಚ್ಚದೆ ಅಲುಗಾಡುವುದಿಲ್ಲ. ಲಿಫ್ಟಣ್ಣ ದಡದಡ ಇಳಿದು ಅದನ್ನು ಮೇಲೆ ತರುವಷ್ಟರಲ್ಲಿ ಅಕೌಂಟೆಂಟರು ಆರನೇ ಮಹಡಿ ಸೇರಿ ಕುರ್ಚಿಯಲ್ಲಿ ಕಾಲು ಚಾಚಿದ್ದರು. ದಿನವೆಲ್ಲ ಇದೇ ಪಾಡು. ಅವನ ಓಟ ನೋಡಿ ಜನಕ್ಕೆ ಇನ್ನಷ್ಟು ಹುರುಪು. "ಲಿಫ್ಟಣ್ಣನೇ ಹತ್ತುವಾಗ ನಮಗೇನು ಧಾಡಿ?" ಎಂದು ಮೆಟ್ಟಿಲಿಗೇ ಮುಗಿಬಿದ್ದರು.

ಸಂಜೆ, ದೇವರೇ ಕಳಿಸಿದ ಹಾಗೆ ಒಬ್ಬರು ಲಿಫ್ಟಿನೊಳಗೆ ನುಗ್ಗಿದರು. ನೋಡಿದರೆ ಡಾಕ್ಟರು!

"ಬೇಗ ಬಾಗಿಲು ಹಾಕಪ್ಪಾ. ಮಂಡಿ ನೋವು. ಯಾರಿಗೂ ಹೇಳ್ಬೇಡ, ನನ್ನ ಮಾನ ನಿನ್ನ ಕೈಲಿದೆ."

ಆರನೇ ಮಹಡಿಯ ಕೋಣೆಯೊಳಗೆ ಡಾಕ್ಟರಿಗಾಗಿಯೇ ಸಭೆ ಸೇರಿತ್ತು. "ಇವತ್ತು ಒಬ್ಬರೂ ಲಿಫ್ಟ್ ಹತ್ತಲಿಲ್ಲ!" ಎಂದರು ಮ್ಯಾನೇಜರು. ಲಿಫ್ಟಣ್ಣ ಬಾಯಿ ತೆರೆದ. ಡಾಕ್ಟರ ಕಣ್ಣು ಗೋಗರೆಯಿತು. ಪಾಪ, ಬಾಯಿ ಮುಚ್ಚಿದ.

"ಎಲ್ಲರಿಗಿಂತ ಹೆಚ್ಚು ಹತ್ತಿಳಿದವನು ನಮ್ಮ ಲಿಫ್ಟಣ್ಣ! ಅವನ ಕೆಲಸ ಹೋಗಲ್ಲ. ನಾಳೆಯಿಂದ ಮಹಡಿ ಮಹಡಿಗೆ ಫೈಲು ಹೊರ್ತಾನೆ!" ಎಂದು ಮ್ಯಾನೇಜರು ಸಾರಿದರು.

ಚಪ್ಪಾಳೆಯೋ ಚಪ್ಪಾಳೆ. ಸ್ಟೂಲನ್ನು ಹೊರಗಿಟ್ಟು ಲಿಫ್ಟಿಗೆ ಬೀಗ ಜಡಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಸ್ಟೂಲಿಲ್ಲದ ಸಾವಿರ ವರ್ಷ ನೆನೆದು ಲಿಫ್ಟಣ್ಣನಿಗೆ ಅಳು ಬಂತು.

ಎಲ್ಲರೂ ಇಳಿದು ಹೋದ ಮೇಲೆ ಡಾಕ್ಟರು ಅವನ ಭುಜ ಹಿಡಿದರು. "ನನ್ನನ್ನ ಕೆಳಗೆ ಮುಟ್ಟಿಸಪ್ಪಾ. ಆ ಸ್ಟೂಲೂ ತಗೋ."

ಮೆಟ್ಟಿಲಿನ ಮೊದಲ ತಿರುವಿನಲ್ಲೇ ಡಾಕ್ಟರು ಸ್ಟೂಲಿನ ಮೇಲೆ ಹಾಯಾಗಿ ಕೂತರು. "ನೀನೂ ಕೂತ್ಕೋ ಅನ್ನೋಣ ಅಂದ್ರೆ ಇರೋದು ಒಂದೇ ಸ್ಟೂಲು. ಇರ್ಲಿ ಬಿಡು, ನಿಂತಿದ್ರೆ ನಿನ್ನ ಆಯಸ್ಸಿಗೇ ಒಳ್ಳೇದು."