ಲ್ಯಾಟಿನ್ನಿನ ಸೋದರಮಾವ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ನೆನಪಿಗೊಂದು ಚಟವಿದೆ: ನಾನು ಜಾಣೆಯಾಗಿ ಕಾಣುವ ಹಾಗೆ ಎಲ್ಲವನ್ನೂ ತಿದ್ದಿಡುತ್ತದೆ. ಅದನ್ನು ಹಿಡಿಯಲೆಂದೇ ಡೈರಿ ಬರೆಯುತ್ತೇನೆ. ಆದರೆ ಬರೆಯುವವಳೂ ನಾನೇ.

ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ನನ್ನ ಗಂಡನಿಗೆ ಅಲ್ಲೇ ಕೆಲಸ. ನಮ್ಮ ವಠಾರದ ತುಂಬ ಎಲ್ಲೆಲ್ಲಿಂದಲೋ ಬಂದವರು, ಮೂರು ವರ್ಷದ ಮಗಳಿಗೆ ಅವರೆಲ್ಲರೂ ಅಂಕಲ್. ಕಂಪನಿ ಬಸ್ಸಿನ ಡ್ರೈವರ್ ಅಂಕಲ್, ಸಿಲಿಂಡರ್ ತರುವವನೂ ಅಂಕಲ್. ಅವಳ ಕಿವಿ ಚುಚ್ಚಿಸಲು ಇನ್ನೊಂದು ವಾರವಿದೆ ಎನ್ನುವಾಗ ನನ್ನ ತವರೂರು ಕಲ್ಯದಿಂದ ಅವರೆಕಾಯಿ ಚೀಲ ಹೊತ್ತು ಬಂದ ನನ್ನಣ್ಣನನ್ನೂ ಹಾಗೇ ಕರೆದಳು. ಅಣ್ಣ ಚೀಲವನ್ನು ಹೊಸ್ತಿಲಲ್ಲೇ ಇಳಿಸಿದ.

"ಸಿಲಿಂಡರ್ ತರೋನೂ ಅಂಕ್ಲು, ನಾನೂ ಅಂಕ್ಲಾ? ಅವನ ತೊಡೆ ಮ್ಯಾಲೇ ಕೂರಿಸಿ ಕಿವಿ ಚುಚ್ಚಿಸ್ಕ ಕಣಮ್ಮಿ. ನಾನು ಬರಾಕಿಲ್ಲ!"

ಹೊರಟೇಬಿಟ್ಟ. ಸೋದರಮಾವನ ತೊಡೆಯಿಲ್ಲದೆ ನಮ್ಮಲ್ಲಿ ಕಿವಿ ಚುಚ್ಚುವುದಿಲ್ಲ. ಅಕ್ಕಸಾಲಿಗನಿಗೆ ಹೇಳಿಯಾಗಿತ್ತು, ನೆಂಟರಿಗೂ ಹೇಳಿಯಾಗಿತ್ತು. ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವರು ಅಣ್ಣನ ಕಾಲು ಹಿಡಿಯುತ್ತಾರೆ. ಇಂಗ್ಲಿಷ್ ಎಂ.ಎ. ಮಾಡಿದ ನಾನು ನಿಘಂಟು ಹಿಡಿದೆ.

ಹಿಡಿದವಳು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ! ಅಂಕಲ್ ಎಂದರೆ ಲ್ಯಾಟಿನ್ನಿನ ‘ಅವುಂಕುಲುಸ್’. ಅಲ್ಲಿ ಅದು ತಾಯಿಯ ಒಡಹುಟ್ಟಿದವನು ಮಾತ್ರ. ತಂದೆಯ ಕಡೆಯವನಿಗೆ ಬೇರೆಯೇ ಹೆಸರು. ಫ್ರೆಂಚರು ಆ ಪದದ ತಲೆ ಹಾರಿಸಿ ‘ಓಂಕ್ಲ್’ ಮಾಡಿದರು. ಇಂಗ್ಲಿಷರು ಅದನ್ನು ಎತ್ತಿಕೊಂಡು ಸಿಕ್ಕಸಿಕ್ಕವರಿಗೆಲ್ಲ ಹಂಚಿದರು. ಮರುದಿನವೇ ಬಸ್ಸು ಹತ್ತಿ, ಹುರುಳಿ ಒಕ್ಕುತ್ತಿದ್ದ ಅಣ್ಣನೆದುರು ನಿಘಂಟು ಬಿಚ್ಚಿದೆ. ‘ಪುಟ್ಟ ತಾತ’ ಎಂಬುದು ಅದರ ಮೂಲಾರ್ಥವೆನ್ನುವ ಸಾಲಿಗೆ ಮಾತ್ರ ಹೆಬ್ಬೆರಳು ಅಡ್ಡವಿಟ್ಟಿದ್ದೆ. ಅಣ್ಣನಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಅವನಿಗಿನ್ನೂ ಹೆಣ್ಣು ನೋಡುತ್ತಿದ್ದರಲ್ಲ, ತಾತ ಎನ್ನಿಸುವುದು ಬೇಡವೆಂದು.

"ಅಂದ್ರೆ ಆ ಡ್ರೈವರು ಅಂಕ್ಲೇ ಅಲ್ವಾ?"

"ಅಲ್ಲ. ನೀನೊಬ್ಬನೇ."

"ಒಸಿ ಬುದ್ಧಿ ಐತೆ ಬುಡು, ಆ ಲ್ಯಾಟಿನ್ನೋರ್ಗೂ."

ಕಿವಿ ಚುಚ್ಚುವ ದಿನ ಅಕ್ಕಸಾಲಿಗನಿಗಿಂತ ಮೊದಲೇ ಬಂದು ಕೂತ. ತೊಡೆಯ ಮೇಲೆ ಮಗು ಚೀರುತ್ತಿದ್ದರೆ, ಇವನು ನನ್ನ ಮೈದುನನತ್ತ ತಿರುಗಿ, "ನೀವು ಚಿಕ್ಕಪ್ಪ ಅಷ್ಟೇಯಾ. ಅಂಕಲ್ ಅಲ್ಲ. ಲ್ಯಾಟಿನ್ನಲ್ಲೇ ಐತೆ!" ಎಂದ. ಮೈದುನ ಪಾಯಸ ಮುಟ್ಟದೆ ಎದ್ದ.

ಆ ಗದ್ದಲ ಮರೆಯಲು ಹಳೆಯ ಡೈರಿ ತಿರುವಿದರೆ, ಅಲ್ಲಿ ನನ್ನದೇ ಅಕ್ಷರ: ‘ಪಾಪುವಿಗೆ ಇವತ್ತು ಅಂಕಲ್ ಅನ್ನುವುದು ಕಲಿಸಿದೆವು. ಅಣ್ಣನಿಗೆ ಖುಷಿಯೋ ಖುಷಿ.’ ಕಲಿಸಿದೆವು ಎಂದರೆ ಯಾರು? ನೆನಪು ಎಂದಿನಂತೆ ಅಣ್ಣನ ಕಡೆ ಬೆರಳು ತೋರಿಸಿತು. ನಂಬಿಕೆಯಾಗದೆ ಅವನನ್ನೇ ಕೇಳಿದೆ. ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ, ನಾನಿನ್ನೂ ಕೇಳುತ್ತಲೇ ಇದ್ದೇನೆ. ಕೇಳಿದಾಗಲೆಲ್ಲ ಅಣ್ಣ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ನನ್ನ ಮುಖವನ್ನೇ ನೋಡುತ್ತಾನೆ.

"ಅಣ್ಣಾ, ನಿನ್ನನ್ನ ತೋರಿಸಿ ಮೊದಲು ‘ಅಂಕಲ್ ಅನ್ನು’ ಅಂದಿದ್ದು ನೀನಾ, ನಾನಾ?"