ನಮ್ಮೆಜಮಾನರ ಹಿಂಡುಯಂತ್ರ

"ನಿರ್ಮಲಾ, ಬಾ ಇಲ್ಲಿ! ಇನ್ಮೇಲೆ ಮೌಸೂ ಬೇಡ, ಗೀಸೂ ಬೇಡ! ಕರಿ ಪರದೆ ಮೇಲೆ ಅಪ್ಪಣೆ ಟೈಪ್ ಮಾಡಿದರೆ ಸಾಕು, ಎಂಥಾ ದಪ್ಪ ಫೈಲೂ ಸಣ್ಣಗಾಗುತ್ತೆ!"

ಇವರು ನಮ್ಮೆಜಮಾನರು, ಮರುಳಸಿದ್ದಪ್ಪ. ತಿಪಟೂರಿನಲ್ಲಿ ಐಟಿಐ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ನಮ್ಮ ಮನೆಯ ಒಂದು ಸಾಮಾನೂ ನಿವೃತ್ತಿ ಕಂಡಿಲ್ಲ. ಈ ಸಲ ನನ್ನ ಹಳೇ ಮಿಕ್ಸಿಗೆ ದುರ್ಬೀನಿನ ಗಾಜು ಸಿಕ್ಕಿಸಿ, ಕಂಪ್ಯೂಟರಿಗೆ ತಂತಿ ಎಳೆದಿದ್ದರು.

ಮಗಳು ಶರಣ್ಯಳ ಲಗ್ನಪತ್ರಿಕೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಫೈಲ್ ತುಂಬಾ ದೊಡ್ಡದು, ಮೇಲ್‌ನಲ್ಲಿ ಹೋಗುತ್ತಿಲ್ಲ. ಇವರು "ಹಿಂಡು ಪತ್ರಿಕೆ" ಎಂದು ಟೈಪ್ ಮಾಡಿ ಎಂಟರ್ ಒತ್ತಿದರು. ಮಿಕ್ಸಿ ಗುರ್ ಎಂದಿತು. ಫೈಲ್ ಕಾಲು ಭಾಗಕ್ಕೆ ಇಳಿಯಿತು!

"ಸಾಕು ರೀ, ಕಳಿಸಿಬಿಡಿ."

"ತಡಿಯೇ, ಇನ್ನೂ ಹಿಂಡ್ತೀನಿ. ಒಂದೇ ಥರದ್ದು ಎರಡೆರಡು ಯಾಕಿರಬೇಕು?"

ಮತ್ತೆ ಗುರ್. ತೆರೆದು ನೋಡಿದರೆ ಪತ್ರಿಕೆಯಲ್ಲಿದ್ದ ನಲವತ್ತು 'ಶ್ರೀಮತಿ'ಯರಲ್ಲಿ ಒಬ್ಬಳೇ ಉಳಿದಿದ್ದಳು!

"ಅಯ್ಯೋ, ನಮ್ಮತ್ತಿಗೆ ಎಲ್ರೀ?"

"ಕಿರುಚಬೇಡ್ವೇ, ಗಾಬರಿ ಆಗುತ್ತೆ!" ಎನ್ನುತ್ತಾ ಇವರು ಫೈಲಿನ ಹೆಸರು ಬಿಟ್ಟು, ಬರೀ ನಕ್ಷತ್ರದ ಗುರುತು ಒತ್ತಿಬಿಟ್ಟರು. ನಕ್ಷತ್ರ ಅಂದರೆ 'ಕಂಡದ್ದೆಲ್ಲ' ಅಂತ!

ದುರ್ಬೀನಿನ ಗಾಜು ಫಳಕ್ಕೆಂದಿತು. ಆರು ಲೋಟ ಇದ್ದಲ್ಲಿ ಒಂದು! ಬಾಗಿಲಲ್ಲಿ ನನ್ನ ಎಡಗಾಲಿನ ಚಪ್ಪಲಿ ಮಾತ್ರ!

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. ಗಂಡಿನ ತಂದೆ ಷಡಕ್ಷರಿ, ಚಿಕ್ಕಪ್ಪ ಪಂಚಾಕ್ಷರಿ. ಅವಳಿ ಜವಳಿ. ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಅಂತ ಗೇಟಿನಿಂದಲೇ ಜಗಳ.

"ಒಳಗೆ ಬರಬೇಡಿ!" ಎಂದು ನಾನು ಕೂಗುವಷ್ಟರಲ್ಲಿ ಗಾಜು ಫಳಕ್! ಪರದೆಯ ಮೇಲೆ ಬಂತು: "ಒಂದು ನಕಲು ತೆಗೆಯಲಾಗಿದೆ."

ಷಡಕ್ಷರಿಯವರು ಪಕ್ಕಕ್ಕೆ ನೋಡಿಕೊಂಡರು. ಯಾರೂ ಇಲ್ಲ. ಅರವತ್ತೆರಡು ವರ್ಷದ ಮನುಷ್ಯ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತುಬಿಟ್ಟರು. "ಅವನ ಹೆಸರೇ ಮೊದಲು ಹಾಕಿ ಬೀಗರೇ! ದೊಡ್ಡ ಅಕ್ಷರದಲ್ಲಿ ಹಾಕಿ! ನನ್ನ ತಮ್ಮನ್ನ ಕೊಟ್ಟುಬಿಡಿ!"

ಮದುವೆ ಹಾಳಾಗಲಿ, ಮನುಷ್ಯ ಎಲ್ಲಿ?

"ವಾಪಸ್ ತರೋ ಅಪ್ಪಣೆ ಇಲ್ವೇನ್ರೀ?"

"ಇದೆ, ಇದೆ! 'ಬಿಚ್ಚು' ಅಂತ!" ಟೈಪ್ ಮಾಡಿದರು. ಗಾಬರಿಯಲ್ಲಿ ಎಂಟರ್ ಎರಡು ಸಲ ಒತ್ತಿದರು!

ಮಿಕ್ಸಿ ಹೊಗೆ ಕಾರಿ ಸುಟ್ಟುಹೋಯಿತು. ಹೊಗೆಯೊಳಗಿಂದ ಪಂಚಾಕ್ಷರಿ ಕೆಮ್ಮುತ್ತಾ ಬಂದರು. ಅವರ ಹಿಂದೆಯೇ ಇನ್ನೊಬ್ಬ ಪಂಚಾಕ್ಷರಿ!

ಷಡಕ್ಷರಿಯವರು ಇಬ್ಬರನ್ನೂ ತಬ್ಬಿಕೊಂಡರು. ಪತ್ರಿಕೆಯಲ್ಲಿ ತಮ್ಮನ ಹೆಸರೇ ಮೊದಲು ಅಚ್ಚಾಯಿತು. ಸಂಜೆ ಪಂಚಾಕ್ಷರಿಯವರ ಹೆಂಡತಿ ಗೌರಮ್ಮ ಬಂದು, ಇಬ್ಬರನ್ನೂ ನಿಲ್ಲಿಸಿ ಹಿಂದೆ ಮುಂದೆ ನೋಡಿ, ಕಡಿಮೆ ಮಾತಾಡುವವರನ್ನು ಆರಿಸಿಕೊಂಡು ಹೋದರು.

ಉಳಿದವರು ಎಂಟು ದಿನದಿಂದ ನಮ್ಮ ಮನೆಯಲ್ಲೇ ಇದ್ದಾರೆ. ಒಳ್ಳೆಯವರೇ, ಪಾಪ. ಉಪ್ಪಿಟ್ಟು ಮಾತ್ರ ಮುಟ್ಟುವುದಿಲ್ಲ.