ಕಂಪನಿ ಕೊಟ್ಟ ಹಾಗೇ

ಮಹದೇವಪ್ರಸಾದನ ಆ ಭಾನುವಾರದ ಕಷ್ಟಕ್ಕೆಲ್ಲ ಮೂಲ ಅವನ ಬಾಮೈದ ಸಿದ್ದಲಿಂಗಸ್ವಾಮಿಯ ಜೇಬಿನಲ್ಲಿದ್ದ ಒಂದು ಸ್ಪ್ಯಾನರ್. ದಟ್ಟಗಳ್ಳಿಯ ಮನೆ ಮುಂದೆ ಬೆಳಿಗ್ಗೆಯಿಂದ ಬೈಕು ಒರೆಸುತ್ತಿದ್ದ ಮಹದೇವಪ್ರಸಾದ್ ಕಾಫಿಗೆಂದು ಐದೇ ನಿಮಿಷ ಒಳಗೆ ಹೋಗಿದ್ದ. ಹೊರಗೆ ಬರುವಷ್ಟರಲ್ಲಿ ಎಡಗಡೆಯ ಕನ್ನಡಿ ಬಾಮೈದನ ಕೈಗೆ ಬಂದಿತ್ತು.

"ಏನೋ ಮಾಡ್ತಿದ್ದೀಯ?"

"ಗಾಬ್ರಿ ಆಗ್ಬೇಡಿ ಭಾವ. ಈ ದುಂಡು ಕನ್ನಡಿ ಕಿತ್ತು ಹ್ಯಾಂಡಲ್ ತುದೀಗೆ ಪುಟ್ಟದೊಂದು ಹಾಕ್ಬುಟ್ರೆ ಗಾಡಿ ಲುಕ್ಕೇ ಬದಲಾಗ್ಬುಡುತ್ತೆ."

"ಬದಲಾಗ್ಬಾರ್ದು ಅಂತಾನೇ ಕಣೋ ನಾನು ಒದ್ದಾಡ್ತಿರೋದು! ಇಡು ಅದನ್ನ!"

ಬೈಕನ್ನು ಒಮ್ಮೆ ನೋಡಿದವರಿಗೆ ಈ ಸಿಟ್ಟು ಅರ್ಥವಾಗುತ್ತದೆ. ಎಂಜಿನ್ ಈ ಕಾಲದ್ದು, ಮೈಕಟ್ಟು ಮಾತ್ರ ತಾತನ ಕಾಲದ್ದು. ದುಂಡು ದೀಪ, ರಸಪುರಿ ಮಾವಿನ ಹಾಗೆ ಉಬ್ಬಿದ ಹಸಿರು ಟ್ಯಾಂಕು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಸೈಲೆನ್ಸರ್. ಸ್ಟಾರ್ಟ್ ಮಾಡಿದರೆ ಎಮ್ಮೆ ಮೆಲುಕು ಹಾಕುವಂಥ ನೆಮ್ಮದಿಯ ಸದ್ದು. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಗುಮಾಸ್ತನಾದ ಮಹದೇವಪ್ರಸಾದ್ ಆ ಸದ್ದಿಗೇ ಮನಸೋತು ಅದನ್ನು ಕೊಂಡಿದ್ದ. ನಿಜಕ್ಕೂ ಅದು ಚೆಲುವಾದ ಗಾಡಿ. ಅದಕ್ಕೆ ಇನ್ನೊಂದು ಸಾಮಾನು ತಗುಲಿಸುವುದು ಮದುಮಗಳ ಮುಖಕ್ಕೆ ಮೀಸೆ ಬರೆದ ಹಾಗೆ ಎಂದು ಅವನ ನಂಬಿಕೆ.

ಮನೆಯವರ ನಂಬಿಕೆ ಬೇರೆ. ಹೆಂಡತಿ ಪ್ರೇಮಲೀಲಾಗೆ ಬೆನ್ನಿಗೆ ಒರಗು ಬೇಕು. ಎದುರುಮನೆ ಶಿವನಂಜಮ್ಮನಿಗೆ, ತನ್ನ ಗಾಡಿಯಲ್ಲದಿದ್ದರೂ, ಅದಕ್ಕೊಂದು ಲೆಗ್ ಗಾರ್ಡ್ ಬೇಕು. ಮಾವ ಸದಾಶಿವಯ್ಯನವರಿಗೆ ಸದ್ದು ಬೇಕು. "ಅಳಿಯಂದ್ರು ಬೀದೀಗ್ ಬಂದ್ರೆ ನಾಲ್ಕು ಜನ ತಿರುಗಿ ನೋಡ್ಬೇಡ್ವೇನ್ರೀ? ಬೆಕ್ಕು ಬಂದಂಗೆ ಬಂದ್ರೆ ಏನ್ ಚೆನ್ನ?"

ಮೂರು ತಿಂಗಳ ಈ ಜಗಳವನ್ನು ಕೊನೆಗೆ ಸದಾಶಿವಯ್ಯನವರೇ ಪಂಚಾಯ್ತಿ ಮಾಡಿ ಮುಗಿಸಿದ್ದರು. ಭಾನುವಾರ ಸಂಜೆ ಕೆಸರೆಯ ಮೈದಾನದಲ್ಲಿ ಬೈಕುಗಳ ಸ್ಪರ್ಧೆ ಇತ್ತು. ಅದರಲ್ಲಿ 'ಕಂಪನಿ ಕೊಟ್ಟ ಹಾಗೇ' ಎಂಬ ವಿಭಾಗವೂ ಇತ್ತು. ಅಳಿಯ ಅಲ್ಲಿ ಮೊದಲನೆಯವನಾದರೆ ಅಂದಿನಿಂದ ಗಾಡಿಗೆ ಯಾರೂ ಸ್ಪ್ಯಾನರ್ ಮುಟ್ಟಿಸಕೂಡದು. ಸೋತರೆ ಸೋಮವಾರವೇ ಅದು ಗಾಡಿಗಳ ರೂಪ ಬದಲಿಸುವ ಜೆರೋಮನ ಗ್ಯಾರೇಜಿಗೆ ಹೋಗಬೇಕು. ಸದಾಶಿವಯ್ಯನವರು ಹಣೆಯ ವಿಭೂತಿ ಮುಟ್ಟಿ ಹೇಳಿದ ಮಾತು ಅದು.

ಕನ್ನಡಿಯೇನೋ ವಾಪಸ್ಸು ಬಂತು, ಅದರ ನಟ್ಟು ಮಾತ್ರ ಉರುಳಿ ಚರಂಡಿ ಸೇರಿತು. ಕಂಪನಿ ನಟ್ಟೇ ಬೇಕು. ವಿಧಿಯಿಲ್ಲದೆ ಮಹದೇವಪ್ರಸಾದ್ ಜಯಲಕ್ಷ್ಮಿಪುರಂನ ಜೆರೋಮನ ಗ್ಯಾರೇಜಿಗೇ ಓಡಬೇಕಾಯಿತು.

ಜೆರೋಮ್ ಚರ್ಚಿನ ಪೂಜೆ ಮುಗಿಸಿ ಬಂದು, ಇಸ್ತ್ರಿ ಷರ್ಟಿನಲ್ಲೇ ಗ್ಯಾರೇಜು ತೆರೆದಿದ್ದ. ಸಂಜೆಯ ಸ್ಪರ್ಧೆಗೆ ಬಹುಮಾನ ಕೊಡುತ್ತಿದ್ದವನೂ ಅವನೇ.

"ಇಂಥ ಗಾಡೀನ ಹಿಂಗೇ ಇಟ್ಕೊಂಡ್ರೆ ಪಾಪ ಬರುತ್ತೆ ಸಾರ್. ಒಂದ್ಸಲ ನನ್ ಕೈಗ್ ಬುಟ್ನೋಡಿ."

"ನಟ್ಟು ಹಾಕು ಜೆರೋಮ್. ನಟ್ಟು ಒಂದೇ."

ಹಿಂದಿನ ಮನೆಯಿಂದ ಜೆರೋಮನ ಹೆಂಡತಿ ರೀಟಾ, "ಒಳಗ್ ಬನ್ನಿ ಅಣ್ಣ, ಕಾಫಿ ಕುಡೀರಿ" ಎಂದಳು. ಬೇಡವೆನ್ನಲಾಗದೆ ಹೋದ. ಬಂದು ನೋಡಿದರೆ ನಟ್ಟು ಸರಿಯಾಗಿ ಕೂತಿತ್ತು, ಹಸಿರು ಟ್ಯಾಂಕಿನ ಮೇಲೆ ಮಾತ್ರ ಮೊಳದುದ್ದದ ಬೆಂಕಿಯ ಸ್ಟಿಕರ್ ಧಗಧಗಿಸುತ್ತಿತ್ತು.

"ಕಾಸ್ ಬೇಡ ಸಾರ್. ಪ್ರೀತಿಗೆ ಹಾಕಿದ್ದು" ಎಂದ ಜೆರೋಮ್.

ಮಹದೇವಪ್ರಸಾದ್ ಅಲ್ಲೇ ಕುಕ್ಕರಿಸಿದ. ಅವನ ಮುಖ ನೋಡಲಾರದೆ ರೀಟಾ ತಲೆಕೂದಲು ಒಣಗಿಸುವ ಯಂತ್ರ ತಂದಳು. ಬಿಸಿಗಾಳಿ ಬಿಟ್ಟು, ಉಗುರಿನಲ್ಲಿ ಎಬ್ಬಿಸಿ, ಅಂಟಿಗೆ ಕೊಬ್ಬರಿ ಎಣ್ಣೆ ಸವರಿ, ಎರಡು ಗಂಟೆ ಅವನು ಆ ಟ್ಯಾಂಕನ್ನು ಕೂಸಿಗೆ ಎಣ್ಣೆನೀರು ಹಾಕುವಂತೆ ಉಜ್ಜಿದ. ಊಟವಿಲ್ಲ, ಷರ್ಟೆಲ್ಲ ಎಣ್ಣೆ. ಆದರೆ ಕೊನೆಗೆ ಹಸಿರು ಮೊದಲಿನ ಹಾಗೇ ನಕ್ಕಿತು. ಅಂಥ ಹಟವನ್ನು ಮೆಚ್ಚದೆ ಇರುವುದು ಕಷ್ಟ. ಜೆರೋಮನೂ ಮೆಚ್ಚಿದ. "ನಿಮ್ಗೆ ಏನಾದ್ರೂ ಒಂದು ಮಾಡ್ಲೇಬೇಕು ಸಾರ್" ಎಂದು ಕಣ್ಣೊರೆಸಿಕೊಂಡ.

ಕೆಸರೆ ತಲುಪುವಾಗ ಸಂಜೆ ಐದು. ಮನೆಯವರೆಲ್ಲ ಆಟೋದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಮೇಲೆ ಸದಾಶಿವಯ್ಯನವರು ಭಕ್ತಿಯಿಂದ ನಡೆದುಕೊಳ್ಳುವ ಮಠದ ಸ್ವಾಮಿಗಳು. ಅವರನ್ನು ಮುಖ್ಯ ಅತಿಥಿಯಾಗಿ ಕರೆತಂದವರೂ ಸದಾಶಿವಯ್ಯನವರೇ.

ತೀರ್ಪುಗಾರ ಟಾರ್ಚ್ ಹಿಡಿದು ಬೈಕಿನ ಹೊಟ್ಟೆಯಡಿ ಮಲಗಿ ನೋಡಿದ. ವೈರು ಎಳೆದು ನೋಡಿದ. ಸೀಟು ಎತ್ತಿ ನೋಡಿದ.

"ಒಂದು ತಿರುಪೂ ಬದಲಾಗಿಲ್ಲ. ಮೊದಲನೇ ಬಹುಮಾನ!"

ಚಪ್ಪಾಳೆಯೋ ಚಪ್ಪಾಳೆ. ಪ್ರೇಮಲೀಲಾ ಕೂಡ ಎದ್ದು ನಿಂತಳು. ಮಹದೇವಪ್ರಸಾದನ ಕಣ್ಣು ತುಂಬಿತು. ಸ್ವಾಮಿಗಳು ಕೆಳಗಿಳಿದು ಬಂದು ಟ್ಯಾಂಕಿನ ಮೇಲೆ ಕೈಯಾಡಿಸಿದರು. "ಬಹಳ ಚೆನ್ನಾಗಿದೆ ಕಣಪ್ಪ. ಹೆಂಗಿತ್ತೋ ಹಂಗೇ ಕಾಪಾಡ್ಕೊಂಡಿದ್ದೀಯ." ಉದ್ದನೆಯದೊಂದು ಪೆಟ್ಟಿಗೆಗೆ ವಿಭೂತಿ ಹಚ್ಚಿ ಅವನ ಕೈಗಿಟ್ಟರು.

ಜೆರೋಮ್ ಮೈಕು ಹಿಡಿದ. "ಮೊದ್ಲನೇ ಬಹುಮಾನ, ನಮ್ ಗ್ಯಾರೇಜಿನ ಸ್ಪೆಷಲ್ ಸೈಲೆನ್ಸರ್! ಫಿಟ್ಟಿಂಗ್ ಫ್ರೀ! ಇಲ್ಲೇ, ಈಗ್ಲೇ!"

ಮಹದೇವಪ್ರಸಾದ್ ಗಾಬರಿಯಿಂದ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡ. "ಬುದ್ಧಿ, ಇದನ್ನ ದೇವರ ಮನೇಲಿಟ್ಟು ದಿನಾ ಪೂಜೆ ಮಾಡ್ತೀನಿ" ಎಂದು ಸ್ವಾಮಿಗಳಿಗೆ ಕೈಮುಗಿದ.

ಸ್ವಾಮಿಗಳು ನಕ್ಕರು. "ಸೈಲೆನ್ಸರ್‌ಗೆ ಪೂಜೆ ಯಾಕಪ್ಪ? ಹಾಕ್ಸು. ನಾಳೆ ಇದರಲ್ಲೇ ಮಠಕ್ಕೆ ಬಾ, ನಾವೂ ಸದ್ದು ಕೇಳೋಣ."

"ಬುದ್ಧಿಯವ್ರೇ ಕೈಯಾರೆ ಕೊಟ್ಟವ್ರೆ, ಬ್ಯಾಡ ಅಂದ್ಬುಟ್ಟೀರಿ!" ಎಂದು ಸದಾಶಿವಯ್ಯನವರು ಮುಂದಿನ ಸಾಲಿನಿಂದಲೇ ಗದರಿದರು.

ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಜೆರೋಮ್ ಹೆಮ್ಮೆಯಿಂದ ಸ್ಟಾರ್ಟ್ ಮಾಡಿದ. ಮೈದಾನದ ಮರಗಳಲ್ಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಪ್ರೇಮಲೀಲಾ ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದಳು.

"ಅಯ್ಯೋ, ಆಫ್ ಮಾಡಿ! ಮೊದ್ಲಿಂದೇ ಎಷ್ಟೋ ವಾಸಿಯಾಗಿತ್ತು ಕಣ್ರೀ!"

ಮೂರು ತಿಂಗಳಲ್ಲಿ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ಮಹದೇವಪ್ರಸಾದನಿಗೆ ಹೋದ ಜೀವ ಬಂದಂತಾಯಿತು. ಹಳೇ ಸೈಲೆನ್ಸರನ್ನು ಎದೆಗವಚಿಕೊಂಡು, "ನಾಳೆ ಮಠಕ್ಕೆ ಹೋಗಿ ಬುದ್ಧಿಯವ್ರಿಗೆ ಸದ್ದು ಕೇಳ್ಸಿ ಬಂದ್ಬುಡ್ತೀನಿ. ನಾಡಿದ್ದು ಇದನ್ನೇ ಹಾಕ್ಸೋಣ" ಎಂದ.

ಸದಾಶಿವಯ್ಯನವರು ಹಣೆಯ ವಿಭೂತಿ ಮುಟ್ಟಿಕೊಂಡರು.

"ಅದೆಂಗಾದದು ಅಳಿಯಂದ್ರೆ? ನೀವು ಗೆದ್ದಿದ್ದೀರಿ. ಮಾತು ಅಂದ್ರೆ ಮಾತು. ಬುದ್ಧಿಯವ್ರು ಹೇಳಿದ್ದೊಂದು ಆಯ್ತು, ಇನ್ಮೇಲೆ ಈ ಗಾಡೀಗೆ ಯಾರೂ ಸ್ಪ್ಯಾನರ್ ಮುಟ್ಟಿಸಂಗಿಲ್ಲ. ನೀವೂ ಸೇರಿ!"